ಗ್ರೈಂಡರ್ ಕಾಲಿನ ಪಕ್ಕದ ಬಿರುಕು: ಮಾಟುಂಗಾದ ಒಂದು ಹೋಟೆಲಿನ ನೊಣದ ಪ್ರಕರಣ

ಮುಂಬೈಯ ಮಾಟುಂಗಾ ಪೂರ್ವದಲ್ಲಿ ಹೂವಿನ ಅಂಗಡಿಗಳನ್ನೂ ಬಾಳೆಲೆ ಮಾರುವವರನ್ನೂ ದಾಟಿ ಒಂದು ಗಲ್ಲಿ ಒಳಗೆ ಹೋದರೆ ಈ ಹೋಟೆಲು ಸಿಗುತ್ತದೆ. ಹೆಸರು ಹೇಳುವುದಿಲ್ಲ. ಯಜಮಾನರನ್ನು ಶೆಟ್ರು ಎಂದಷ್ಟೇ ಕರೆಯುತ್ತೇನೆ. ಅವರ ತಂದೆ ಕುಂದಾಪುರ ಕಡೆಯಿಂದ ಬಂದು ಕಟ್ಟಿದ ಹೋಟೆಲು ಅದು. ಹಳೆಯ ಕಟ್ಟಡದ ನೆಲ ಅಂತಸ್ತಿನಲ್ಲಿ ಹನ್ನೆರಡು ಟೇಬಲು, ಹಿಂದೆ ಅಡುಗೆಮನೆ, ಅದರ ಹಿಂದೆ ಕಸದ ಡ್ರಮ್ ಇಡುವ ಇಕ್ಕಟ್ಟಾದ ಓಣಿ. ಮೇಲಿನ ಮೂರು ಅಂತಸ್ತಿನಲ್ಲಿ ಮನೆಗಳು.

ನಾನು ಮುಂಬೈಯಲ್ಲಿ ಕೀಟ ನಿಯಂತ್ರಣದ ಕೆಲಸ ಮಾಡುತ್ತೇನೆ. ಕಳೆದ ವರ್ಷ ಮೇ ಕೊನೆಯಲ್ಲಿ ಶೆಟ್ರು ಫೋನ್ ಮಾಡಿದರು. ದನಿ ಸಣ್ಣಗಿತ್ತು. "ಇಪ್ಪತ್ತು ವರ್ಷದ ಗಿರಾಕಿ ಮಾರಾಯ್ರೆ. ಇವತ್ತು ಅರ್ಧ ಇಡ್ಲಿ ಬಿಟ್ಟು ಎದ್ರು. ಜಗಳ ಮಾಡಿದ್ರೆ ಇಷ್ಟು ಬೇಜಾರು ಆಗ್ತಿರಲಿಲ್ಲ. ಏನೂ ಹೇಳದೆ ದುಡ್ಡು ಕೊಟ್ಟು ಹೋದ್ರು." ಇಡ್ಲಿ ತಟ್ಟೆಯಲ್ಲಿ ಚಟ್ನಿ ಮೇಲೆ ನೊಣ ಕೂತಿತ್ತು.

ಮರುದಿನ ಹೋದೆ. ಅವರು ಸುಮ್ನೆ ಕೂತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ರಾತ್ರಿ ಬಂದು ಔಷಧಿ ಹೊಡೆಯುವವರಿಗೆ ಕಾಂಟ್ರ್ಯಾಕ್ಟ್ ಕೊಟ್ಟಿದ್ದರು. ದೋಸೆ ಕಲ್ಲಿನ ಮೇಲುಗಡೆ ನೀಲಿ ದೀಪದ, ಕರೆಂಟಲ್ಲಿ ಸುಡುವ ಯಂತ್ರ ತೂಗುತ್ತಿತ್ತು. ಬಾಗಿಲಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಗಲ್ಲಾಪೆಟ್ಟಿಗೆ ಹತ್ತಿರ ಲವಂಗ ಚುಚ್ಚಿದ ನಿಂಬೆಹಣ್ಣು. ಔಷಧಿ ಹೊಡೆದ ಎರಡು ಮೂರು ದಿನ ಚೆನ್ನಾಗಿರುತ್ತದೆ, ಆಮೇಲೆ ಮೊದಲಿನ ಹಾಗೇ ಎಂದರು. ನಿಂಬೆಹಣ್ಣಿನ ಮೇಲೂ ಒಂದು ನೊಣ ಕೂತಿದ್ದನ್ನು ನಾನೇ ನೋಡಿದೆ.

ಅಡುಗೆಯ ಭಟ್ರು ಇನ್ನೊಂದು ಮಾತು ಹೇಳಿದರು. "ದೊಡ್ಡದು ಕಮ್ಮಿ ಆದ್ರೂ ಮರಿ ನೊಣ ಹೋಗುದೇ ಇಲ್ಲ." ಈ ಮಾತನ್ನು ನಾನು ನೂರು ಕಡೆ ಕೇಳಿದ್ದೇನೆ. ಆದರೆ ನೊಣಕ್ಕೆ ಮರಿ ನೊಣ ಅಂತ ಇರುವುದಿಲ್ಲ. ಮೊಟ್ಟೆಯಿಂದ ಹುಳ, ಹುಳದಿಂದ ಕೋಶ, ಕೋಶ ಒಡೆದು ರೆಕ್ಕೆ ಬಂದಮೇಲೆ ನೊಣ ಬೆಳೆಯುವುದೇ ಇಲ್ಲ. ಚಿಕ್ಕದಾಗಿ ಕಾಣುವುದು ಬೇರೆ ಜಾತಿ. ಬೇರೆ ಜಾತಿ ಎಂದರೆ ಹುಟ್ಟುವ ಜಾಗವೂ ಬೇರೆ. ಮನೆಯಲ್ಲಾಗಲಿ ಹೋಟೆಲಲ್ಲಾಗಲಿ ಇದು ಗೊತ್ತಿಲ್ಲದೆ ಔಷಧಿ ಹೊಡೆದರೆ ದುಡ್ಡು ಹೋಗುತ್ತದೆ, ನೊಣ ಉಳಿಯುತ್ತದೆ.

ಹಾಗಾಗಿ ಮೊದಲ ದಿನ ಒಂದು ಹನಿ ಔಷಧಿಯನ್ನೂ ಹೊಡೆಯಲಿಲ್ಲ. ಅಂಟು ಹಾಳೆಗಳನ್ನು ಐದು ಜಾಗದಲ್ಲಿ ಹಚ್ಚಿ ನಂಬರ್ ಬರೆದೆ: ಬಾಗಿಲು, ಜ್ಯೂಸ್ ಕೌಂಟರ್, ಕೈ ತೊಳೆಯುವ ಬೇಸಿನ್, ಗ್ರೈಂಡರ್ ಪಕ್ಕ, ಹಿಂದಿನ ಓಣಿ. ಮರುದಿನ ಬೆಳಿಗ್ಗೆ ಭೂತಗನ್ನಡಿ ಹಿಡಿದು ಕೂತೆ. ಬಾಗಿಲಲ್ಲಿ ಮತ್ತು ಓಣಿಯಲ್ಲಿ ಸಿಕ್ಕಿದ್ದು ಮನೆ ನೊಣ. ಬೂದು ಬಣ್ಣ, ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆ. ಬೇಸಿನ್ ಹತ್ತಿರದ್ದು ಮೋರಿ ನೊಣ. ಮೈತುಂಬ ರೋಮ, ರೆಕ್ಕೆ ಮುಚ್ಚಿ ಗೋಡೆಗೆ ಅಂಟಿದರೆ ಪುಟ್ಟ ಪತಂಗದ ಹಾಗೆ ಕಾಣುತ್ತದೆ, ಜಾಸ್ತಿ ಹಾರುವುದಿಲ್ಲ. ಜ್ಯೂಸ್ ಕೌಂಟರಿನಲ್ಲಿ ಕೆಂಪು ಕಣ್ಣಿನ ಹಣ್ಣಿನ ನೊಣ. ಗ್ರೈಂಡರ್ ಪಕ್ಕದ ಹಾಳೆಯಲ್ಲೂ ಅಷ್ಟೇ ಗಾತ್ರದವು ತುಂಬಿದ್ದವು. ಹುಳಿ ಬಂದ ಹಿಟ್ಟಿಗೆ ಹಣ್ಣಿನ ನೊಣ ಬರುವುದು ಸಹಜ, ಇದೂ ಅದೇ ಎಂದು ಬರೆದುಕೊಂಡೆ. ಅಲ್ಲಿ ನನ್ನ ತಪ್ಪಾಯಿತು. ಆ ತಪ್ಪಿಗೆ ಮೂರು ವಾರ ಹೋಯಿತು.

ಮೊದಲು ಮನೆ ನೊಣದ ವಿಷಯ. ಗಿರಾಕಿ ಎದ್ದು ಹೋಗಿದ್ದು ಇದರಿಂದಲೇ, ಭಯಪಡಬೇಕಾದದ್ದೂ ಇದಕ್ಕೇ. ಇದಕ್ಕೆ ಅಗಿಯಲು ಬರುವುದಿಲ್ಲ. ತಿನ್ನುವ ವಸ್ತುವಿನ ಮೇಲೆ ಎಂಜಲು ಕಕ್ಕಿ, ಅದನ್ನು ನೀರಾಗಿಸಿ ಹೀರುತ್ತದೆ. ಐದು ನಿಮಿಷದ ಹಿಂದೆ ಎಲ್ಲಿ ಕೂತಿತ್ತೋ ಅಲ್ಲಿನ ಹೊಲಸು ಕಾಲಿನ ರೋಮದಲ್ಲಿ ಇರುತ್ತದೆ. ವಾಂತಿಭೇದಿ, ಟೈಫಾಯ್ಡ್, ಆಮಶಂಕೆಯ ರೋಗಾಣುಗಳು ಹೀಗೆ ಹೊಟ್ಟೆ ಸೇರಬಹುದು.

ಶೆಟ್ರಿಗೆ ಒಂದು ಲೆಕ್ಕ ಹೇಳಿದೆ. ಹೆಣ್ಣು ನೊಣ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ, ಬದುಕಿರುವಷ್ಟರಲ್ಲಿ ನಾಲ್ಕೈದು ಸಲ. ಮುಂಬೈಯ ಮೇ ಸೆಕೆಯಲ್ಲಿ ಮೊಟ್ಟೆ ನೊಣವಾಗಿ ಹಾರಲು 7ರಿಂದ 10 ದಿನ ಸಾಕು. ಔಷಧಿ ಹೊಡೆಯುವವರು ಬರುವುದು 15 ದಿನಕ್ಕೊಮ್ಮೆ. ಅವರು ಕೊಲ್ಲುವುದು ರೆಕ್ಕೆ ಬಂದ ನೊಣವನ್ನು ಮಾತ್ರ. ಕೋಶದೊಳಗೆ ಇರುವುದಕ್ಕೆ ಗಟ್ಟಿ ಕವಚ ಇದೆ, ಅದಕ್ಕೆ ಔಷಧಿ ತಾಗುವುದೇ ಇಲ್ಲ. ಎರಡು ಸಲದ ನಡುವೆ ಒಂದು ಪೂರ್ತಿ ತಲೆಮಾರು ಹುಟ್ಟಿ ಹಾರಿರುತ್ತದೆ, ಅಲ್ವಾ? ಅಷ್ಟೇ ಅಲ್ಲ, ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಸಾಯದೆ ಉಳಿದವುಗಳ ಸಂತಾನವೇ ಬೆಳೆಯುತ್ತದೆ. ಡಿಡಿಟಿ ಬಂದ ಹೊಸತರಲ್ಲೇ, 1946ರ ಹೊತ್ತಿಗೆ, ಸ್ವೀಡನ್ನಿನಲ್ಲಿ ಅದಕ್ಕೆ ಸಾಯದ ನೊಣಗಳು ಕಂಡಿದ್ದವು.

ಹುಟ್ಟುವ ಜಾಗ ಹುಡುಕಲು ದೂರ ಹೋಗಬೇಕಾಗಲಿಲ್ಲ. ಓಣಿಯಲ್ಲಿದ್ದ ನೀಲಿ ಡ್ರಮ್ಮನ್ನು ಬೈಂದೂರು ಕಡೆಯ ಒಬ್ಬ ಹುಡುಗನ ಜೊತೆ ಸೇರಿ ಎತ್ತಿದೆ. ಕೆಳಗೆ ಕಡಪ ಕಲ್ಲಿನ ಸಂದಿಯಲ್ಲಿ, ಒಣಗಿದ ಜಾಗದಲ್ಲಿ, ಕಂದು ಬಣ್ಣದ ಕಾಳುಗಳು ರಾಶಿ ಬಿದ್ದಿದ್ದವು. "ಯಾರು ಕುಚ್ಚಲಕ್ಕಿ ಚೆಲ್ಲಿದ್ರು?" ಎಂದ ಹುಡುಗ. ಅವು ನೊಣದ ಕೋಶಗಳು. ಹುಳ ಬೆಳೆಯುವುದು ಹಸಿ ಕಸದಲ್ಲಿ, ಕೋಶ ಕಟ್ಟುವ ಹೊತ್ತಿಗೆ ಹತ್ತಿರದ ಒಣ ಜಾಗಕ್ಕೆ ತೆವಳಿ ಹೋಗುತ್ತದೆ. ಡ್ರಮ್ ಖಾಲಿ ಮಾಡಿದರೂ ನೊಣ ಯಾಕೆ ಬರುತ್ತದೆ ಎಂಬುದಕ್ಕೆ ಉತ್ತರ ಅಲ್ಲಿತ್ತು.

ಪಾಲಿಕೆಯ ಗಾಡಿ ಬೆಳಿಗ್ಗೆ ಬಂದು ಓಲಾ ಕಚರಾ, ಅಂದರೆ ಹಸಿ ಕಸ, ಒಯ್ಯುತ್ತಿತ್ತು. ಆದರೆ ಡ್ರಮ್ ತೊಳೆಯುವುದು ಯಾರ ಕೆಲಸ ಎಂದು ಯಾರಿಗೂ ಗೊತ್ತಿರಲಿಲ್ಲ. ಅಡಿಯಲ್ಲಿ ನಾಲ್ಕು ಬೆರಳು ಕೊಳೆತ ಸಾಂಬಾರು ನೀರು. ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆದ ಮೇಲೆ ಓಣಿ ತೊಳೆಯಬೇಕಾಗಿದ್ದವನು ಈ ಬೈಂದೂರಿನ ಹುಡುಗನೇ. ಬೆಳಿಗ್ಗೆ ಆರಕ್ಕೆ ಎದ್ದವನು ಅವನು. ಅವನು ಎರಡು ಬಕೆಟ್ ನೀರು ಸುರಿದು ಮಲಗುತ್ತಿದ್ದದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಶೆಟ್ರಿಗೆ ಇದನ್ನು ನೇರವಾಗಿ ಹೇಳಿದೆ. ಔಷಧಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ತೆಗೆದು, ಮಧ್ಯಾಹ್ನದ ಹೊತ್ತು ದಿನಕ್ಕೊಂದು ತಾಸು ಓಣಿ ಕೆಲಸಕ್ಕೇ ಒಬ್ಬರನ್ನು ಇಡಿ ಎಂದೆ. ಅವರು ಒಪ್ಪಿದರು. ಈ ಇಡೀ ಕೆಲಸದಲ್ಲಿ ಅತಿ ಜಾಸ್ತಿ ಫಲ ಕೊಟ್ಟದ್ದು ಯಾವುದು ಎಂದು ಕೇಳಿದರೆ ನಾನು ಆ ಒಂದು ಗಂಟೆಯ ಕೂಲಿಯನ್ನೇ ಹೇಳುತ್ತೇನೆ.

ಡ್ರಮ್ ಎರಡಾಯಿತು, ಎರಡಕ್ಕೂ ಬಿಗಿ ಮುಚ್ಚಳ. ಇವತ್ತು ಒಂದು ತುಂಬಿದರೆ ಇನ್ನೊಂದು ತೊಳೆದು ಬೋರಲು ಹಾಕಿ ಒಣಗುತ್ತಿರಬೇಕು. ನೆಲದಿಂದ ಅರ್ಧ ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದರು, ಕೆಳಗೆ ಪೊರಕೆ ಹೋಗಲಿ ಎಂದು. ಊಟದ ಎಲೆಗಳನ್ನು ಮೊದಲು ತೂತಿನ ಬುಟ್ಟಿಯಲ್ಲಿ ನೀರು ಇಳಿಸಿ ಆಮೇಲೆ ಚೀಲಕ್ಕೆ ಕಟ್ಟುವುದು. ಕಲ್ಲಿನ ಸಂದಿಗಳಿಗೆ ಸಿಮೆಂಟ್ ಮೆತ್ತಿದೆವು. ವಿಷ ಬೆರೆಸಿದ ಸಕ್ಕರೆ ಕಾಳನ್ನು ಮುಚ್ಚಿದ ಡಬ್ಬಿಯಲ್ಲಿ ಓಣಿಯ ಕೊನೆಯಲ್ಲಿ ಮಾತ್ರ ಇಟ್ಟೆ. ಅಡುಗೆಮನೆ ಒಳಗೆ ಅದನ್ನು ಯಾವತ್ತೂ ಇಡಬಾರದು.

ನೀಲಿ ದೀಪದ ಯಂತ್ರವನ್ನು ಅದೇ ದಿನ ಇಳಿಸಿದೆ. ಕರೆಂಟ್ ತಗುಲಿದ ನೊಣ ಸಿಡಿಯುತ್ತದೆ. ರೆಕ್ಕೆ, ಕಾಲು, ಹೊಟ್ಟೆಯೊಳಗಿನದು ಕೆಲವು ಅಡಿ ದೂರದವರೆಗೂ ಬೀಳುತ್ತದೆ. ದೋಸೆ ಕಲ್ಲಿನ ಮೇಲೆ ಅದನ್ನು ತೂಗುಹಾಕುವುದಕ್ಕಿಂತ ಕೆಟ್ಟ ಜಾಗ ಇಲ್ಲ. ಬದಲಿಗೆ ಅಂಟು ಹಲಗೆ ಇರುವ ದೀಪ ತರಿಸಿ, ಅಡುಗೆಮನೆಗೆ ಹೋಗುವ ದಾರಿಯ ಗೋಡೆಗೆ ಐದಾರು ಅಡಿ ಎತ್ತರದಲ್ಲಿ ಹಾಕಿದೆವು. ರಸ್ತೆಗೆ ಕಾಣದ ಹಾಗೆ. ಬೀದಿಗೆ ಕಂಡರೆ ಹೊರಗಿನ ನೊಣವನ್ನೂ ಒಳಗೆ ಕರೆದ ಹಾಗಾಗುತ್ತದೆ. ಟ್ಯೂಬ್ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು. ನೊಣವನ್ನು ಸೆಳೆಯುವ ಕಿರಣ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದು ಕುಗ್ಗಿದ ಮೇಲೂ ನೀಲಿ ಬೆಳಕು ಹಾಗೇ ಇರುತ್ತದೆ.

ಮೋರಿ ನೊಣ ಸುಲಭ, ಆದರೆ ಕೈ ಕೊಳೆ ಮಾಡಿಕೊಳ್ಳಬೇಕು. ಬೇಸಿನ್ ಪೈಪಿನ ಒಳಗೋಡೆಗೆ ಎಣ್ಣೆ, ಎಂಜಲು ಸೇರಿ ಲೋಳೆ ಕಟ್ಟಿರುತ್ತದೆ. ಹುಳ ಇರುವುದು ಆ ಲೋಳೆಯಲ್ಲಿ. ಬ್ಲೀಚಿಂಗ್ ನೀರಾಗಲಿ ಕುದಿನೀರಾಗಲಿ ಸುರಿದರೆ ಲೋಳೆಯ ಮೇಲೆ ಜಾರಿ ಹೋಗುತ್ತದೆ. ಉದ್ದ ಬ್ರಷ್ ಹಾಕಿ ಉಜ್ಜಿ ಕಿತ್ತರೆ ಮಾತ್ರ ಅದು ಹೋಗುತ್ತದೆ. ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಆ ಹೋಟೆಲಿನ ಹುಡುಗರು ಮೋರಿಗೆ ಆಸಿಡ್ ಹಾಕಿ, ಅದರ ಮೇಲೆಯೇ ಬ್ಲೀಚಿಂಗ್ ಪೌಡರ್ ಸುರಿಯುತ್ತಿದ್ದರು. ಇವೆರಡು ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಗಾಳಿಯಾಡದ ಜಾಗದಲ್ಲಿ ಅದು ಪ್ರಾಣ ತೆಗೆಯಬಲ್ಲದು. "ಕಣ್ಣು ಉರಿ ಬತ್ತ್, ಅದ್ಕೆ ಹೊರಗೆ ಓಡ್ತಿದ್ವಿ" ಎಂದು ಒಬ್ಬ ಸಹಜವಾಗಿ ಹೇಳಿದಾಗ ನನಗೆ ಮೈ ಜುಮ್ಮೆಂದಿತು. ದಯವಿಟ್ಟು ಮನೆಯಲ್ಲೂ ಇದನ್ನು ಮಾಡಬೇಡಿ.

ಹಣ್ಣಿನ ನೊಣ ಸಿಕ್ಕಿದ್ದು ಎಲ್ಲರೂ ನೋಡುವ ಬಾಳೆಗೊನೆಯಲ್ಲಿ ಅಲ್ಲ, ಯಾರೂ ನೋಡದ ಸೋಡಾ ಕ್ರೇಟುಗಳಲ್ಲಿ ಮತ್ತು ಬಕೆಟಿನಲ್ಲಿ ನೆನೆಯುತ್ತಾ ಬಿದ್ದಿದ್ದ, ನೆಲ ಒರೆಸುವ ಪೋಛಾ ಬಟ್ಟೆಯಲ್ಲಿ. ಖಾಲಿ ಬಾಟಲಿ ತೊಳೆದು ಇಟ್ಟರು, ಪೋಛಾ ಹಿಂಡಿ ಹೊರಗೆ ಒಣಗಿಸಿದರು, ಮುಗಿಯಿತು.

ಮೂರು ವಾರ ಕಳೆಯಿತು. ದೊಡ್ಡ ನೊಣ ಅಪರೂಪವಾಯಿತು. ಬೇಸಿನ್ ಗೋಡೆ ಬರಿದಾಯಿತು. ಆದರೆ ಗ್ರೈಂಡರ್ ಪಕ್ಕದ್ದು ಒಂದೂ ಕಡಿಮೆಯಾಗಲಿಲ್ಲ. ಚಟ್ನಿ ಪಾತ್ರೆ ತೆರೆದರೆ ಮುತ್ತುತ್ತಿದ್ದವು. ಶೆಟ್ರು ಸಿಟ್ಟಾದರು. "ನೀವೂ ಅವ್ರ ಹಾಗೇ ಆದ್ರಿ" ಎಂದರು. ಅವರ ಸಿಟ್ಟು ನ್ಯಾಯವಾಗಿತ್ತು.

ಮಧ್ಯಾಹ್ನ ಮೂರೂವರೆಗೆ, ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಬಕೆಟ್ ಬೋರಲು ಹಾಕಿ ಗ್ರೈಂಡರ್ ಎದುರು ಕೂತೆ. ಅರ್ಧ ಗಂಟೆ ಸುಮ್ನೆ ನೋಡಿದೆ. ಈ ನೊಣಗಳು ಹಾರುತ್ತಿರಲಿಲ್ಲ, ಓಡುತ್ತಿದ್ದವು. ಗೋಡೆ ಮೇಲೆ ನಾಲ್ಕು ಹೆಜ್ಜೆ ಓಟ, ತಟ್ಟನೆ ನಿಲ್ಲುವುದು, ತಿರುಗಿ ಇನ್ನೊಂದು ಓಟ. ಹಣ್ಣಿನ ನೊಣ ಹೀಗೆ ಮಾಡುವುದಿಲ್ಲ. ಒಂದನ್ನು ಸೀಸೆಗೆ ಹಾಕಿ ನೋಡಿದೆ. ಕಣ್ಣು ಕೆಂಪಾಗಿರಲಿಲ್ಲ. ಬೆನ್ನು ಗೂನಾಗಿತ್ತು. ಇದು ಗೂನು ನೊಣ, ನಮ್ಮ ಕೆಲಸದವರು ಫೋರಿಡ್ ಎನ್ನುತ್ತಾರೆ. ಇದು ನೆಲದ ಅಡಿಯಲ್ಲಿ ಒಡೆದ ಪೈಪಿನ ಸುತ್ತ, ಕೊಳಚೆ ಕುಡಿದ ಮಣ್ಣಿನಲ್ಲೂ ಹುಟ್ಟುತ್ತದೆ. ಕೂದಲೆಳೆಯಷ್ಟು ಸಂದಿ ಸಿಕ್ಕರೂ ಮೇಲೆ ಬರುತ್ತದೆ. ಮೊದಲ ದಿನ ಇನ್ನೊಂದು ನಿಮಿಷ ಭೂತಗನ್ನಡಿ ಹಿಡಿದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಅಂದು ರಾತ್ರಿ ಕೆಲಸ ಮುಗಿದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ತುಂಡುಗಳನ್ನು ಮೋರಿಯ ಜಾಲರಿ ಮೇಲೆ, ಎರಡು ಗೋಡೆ ಮೂಲೆಯಲ್ಲಿ, ಬಿರುಕು ಬಿಟ್ಟ ಲಾದಿಗಳ (ನೆಲದ ಹಾಸುಬಿಲ್ಲೆಗಳ) ಮೇಲೆ ಹಾಕಿ ನಾಲ್ಕೂ ಬದಿ ಟೇಪ್ ಅಂಟಿಸಿದೆವು. ಮನೆಯಲ್ಲೂ ಮಾಡಬಹುದಾದ ಪರೀಕ್ಷೆ ಇದು, ನಾಲ್ಕಾಣೆ ಖರ್ಚಿಲ್ಲ. ಎಲ್ಲಿಂದ ಮೇಲೆ ಬರುತ್ತವೋ ಅಲ್ಲಿ ಪ್ಲಾಸ್ಟಿಕ್ಕಿನ ಒಳಮೈಗೆ ಅಂಟಿಕೊಂಡಿರುತ್ತವೆ. ಬೆಳಿಗ್ಗೆ ಮೋರಿ ಜಾಲರಿಯ ಕೆಳಗೆ ಏನೂ ಇರಲಿಲ್ಲ. ಗ್ರೈಂಡರಿನ ಹಿಂದಿನ ಕಾಲಿನ ಪಕ್ಕ, ಲಾದಿಯ ಬಿರುಕಿನ ಮೇಲೆ ಹಾಕಿದ ತುಂಡಿನೊಳಗೆ ಹತ್ತಾರು ಓಡಾಡುತ್ತಿದ್ದವು.

ಪ್ಲಂಬರನ್ನು ಕರೆಸಿದೆವು. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಬಕೆಟ್ ನೀರಿಗೆ ಕಲಸಿ ಗ್ರೈಂಡರ್ ಮೋರಿಗೆ ಸುರಿದರು. ಓಣಿಯಲ್ಲಿ ಮೋರಿ ನೀರು ಬಂದು ಸೇರುವ ಚೇಂಬರ್‌ನ ಮುಚ್ಚಳ ತೆಗೆದು ಕಾದೆವು. ಬಂದದ್ದು ಮಂಕು ಬಣ್ಣದ ಒಂದಿಷ್ಟು ನೀರು. ಉಳಿದದ್ದು ದಾರಿಯಲ್ಲೇ ನೆಲ ಕುಡಿದಿತ್ತು.

ನೆಲ ಒಡೆಯಬೇಕು ಎಂದಾಗ ಶೆಟ್ರು ತುಂಬಾ ಹೊತ್ತು ಮಾತಾಡಲಿಲ್ಲ. ಎರಡು ದಿನ ಹೋಟೆಲು ಮುಚ್ಚಬೇಕು. "ಅಪ್ಪ ತೀರಿಕೊಂಡಾಗ ಒಂದು ದಿನ ಮುಚ್ಚಿದ್ದು" ಎಂದರು. ಆಮೇಲೆ ಎದ್ದು ಹೋಗಿ ಬೋರ್ಡು ಬರೆದರು.

ಲಾದಿ ಎಬ್ಬಿಸಿದಾಗ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ಮಣ್ಣಿನ ಪೈಪಿನ ಒಂದು ಜೋಡಣೆ ಬಿಟ್ಟುಕೊಂಡಿತ್ತು. ಗ್ರೈಂಡರಿನ ಅದುರಾಟ ವರ್ಷಗಟ್ಟಲೆ ಅದರ ಮೇಲೆ ಬಿದ್ದಿತ್ತು. ಗ್ರೈಂಡರ್ ತೊಳೆದ ಉದ್ದು, ಅಕ್ಕಿ ನೀರೆಲ್ಲ ಎಷ್ಟು ಕಾಲದಿಂದಲೋ ಮಣ್ಣಿಗೆ ಇಳಿದು, ಮಣ್ಣು ಕಪ್ಪಗೆ ಮುದ್ದೆಯಾಗಿತ್ತು. ಅದರ ತುಂಬ ಬಿಳಿ ಹುಳ. ಭಟ್ರು ಮುಖ ತಿರುಗಿಸಿ ಹೊರಗೆ ಹೋದರು. ಅವರಷ್ಟು ಶುಚಿಯಾಗಿ ಅಡುಗೆ ಮಾಡುವವರನ್ನು ನಾನು ಕಂಡದ್ದು ಕಡಿಮೆ. ಅವರ ಕಾಲ ಕೆಳಗೇ ಇದು ನಡೆಯುತ್ತಿತ್ತು, ಅವರ ತಪ್ಪು ಒಂದಿಷ್ಟೂ ಇರಲಿಲ್ಲ. ಅವರಿಗೆ ಇದನ್ನು ಎರಡು ಮೂರು ಸಲ ಹೇಳಬೇಕಾಯಿತು.

ಕೊಳೆತ ಮಣ್ಣನ್ನು ಪೂರ್ತಿ ತೆಗೆಯದೆ ಪೈಪ್ ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ, ಒಳಗಿನ ಹುಳ ನೊಣವಾಗಿ ಬರುತ್ತಲೇ ಇರುತ್ತದೆ. ಗೋಣಿಚೀಲಗಟ್ಟಲೆ ಮಣ್ಣು ಹೊರಬಿತ್ತು. ವಾಸನೆ ಇಲ್ಲದ ಒಣ ಮಣ್ಣು ಸಿಗುವ ತನಕ ಅಗೆದು, ಮರಳು ತುಂಬಿ, ಪಿವಿಸಿ ಪೈಪ್ ಹಾಕಿ, ಕಾಂಕ್ರೀಟ್ ಹಾಕಿದರು. ಗ್ರೈಂಡರ್ ಕಾಲಿಗೆ ದಪ್ಪ ರಬ್ಬರ್ ಕೊಟ್ಟೆವು. ಮುಂದಿನ ಕೆಲವು ದಿನ ಅಲ್ಲಲ್ಲಿ ಒಂದೆರಡು ಗೂನು ನೊಣ ಕಂಡವು, ಮೊದಲೇ ಹೊರಬಂದಿದ್ದವು. ಎರಡನೇ ವಾರ ಕಳೆಯುವಷ್ಟರಲ್ಲಿ ಅಂಟು ಹಾಳೆ ಖಾಲಿ. ಈ ಜಾತಿ ಮೊಟ್ಟೆಯಿಂದ ನೊಣವಾಗಲು ಎರಡು ವಾರದಿಂದ ಐದು ವಾರದವರೆಗೆ ಹಿಡಿಯುವುದರಿಂದ, ಐದು ವಾರ ಕಾಯ್ದ ಮೇಲಷ್ಟೇ ಕೆಲಸ ಮುಗಿಯಿತು ಎಂದು ಬರೆದುಕೊಟ್ಟೆ.

ಈ ನಡುವೆ ಮೊದಲನೇ ಅಂತಸ್ತಿನ ಅಜ್ಜಿ ಇಳಿದು ಬಂದಿದ್ದರು. ಹೋಟೆಲಿನ ನೊಣ ತಮ್ಮ ಬಾತ್‌ರೂಮಿಗೆ ಬರುತ್ತದೆ ಎಂದು ಅವರಿಗೂ ಶೆಟ್ರಿಗೂ ವರ್ಷದಿಂದ ಮಾತು ಬಿಟ್ಟುಹೋಗಿತ್ತು. ಮೇಲೆ ಹೋಗಿ ನೋಡಿದೆ. ಗೋಡೆಯಲ್ಲಿ ಮೋರಿ ನೊಣ. ಮಗ ಠಾಣೆ ಊರಿಗೆ ಹೋದ ಮೇಲೆ ಆ ಎರಡನೇ ಬಾತ್‌ರೂಮಿನಲ್ಲಿ ಯಾರೂ ನೀರು ಸುರಿದಿರಲಿಲ್ಲ. ನೆಲದ ನಹಾನಿ ಟ್ರ್ಯಾಪ್, ಅಂದರೆ ನೀರು ಹೋಗುವ ಜಾಲರಿಯ ಕೆಳಗಿನ ಬಾಗಿದ ಪೈಪು, ಪೂರ್ತಿ ಒಣಗಿತ್ತು. ಆ ಬಾಗಿದ ಭಾಗದಲ್ಲಿ ನಿಲ್ಲುವ ನೀರೇ ಮೋರಿಗೂ ಮನೆಗೂ ನಡುವಿನ ಬಾಗಿಲು. ನೀರು ಆರಿದರೆ ಬಾಗಿಲು ತೆರೆದ ಹಾಗೆ, ವಾಸನೆಯೂ ಬರುತ್ತದೆ, ನೊಣವೂ ಬರುತ್ತದೆ. ಜಾಲರಿ ತೆಗೆದು ಉಜ್ಜಿ, ಒಂದು ಬಕೆಟ್ ನೀರು ಸುರಿದು, ಮೇಲೆ ಒಂದು ಚಮಚ ತೆಂಗಿನೆಣ್ಣೆ ಬಿಟ್ಟೆ. ಎಣ್ಣೆಯ ಪದರ ಇದ್ದರೆ ನೀರು ಬೇಗ ಆರುವುದಿಲ್ಲ. ವಾರಕ್ಕೊಮ್ಮೆ ನೀರು ಹಾಕಿ ಅಜ್ಜಿ ಎಂದೆ. "ಇಷ್ಟೇಯಾ ಮಗಾ? ಊರಲ್ಲಿ ಹಲಸಿನ ಹಣ್ಣಿನ ಕಾಲದಲ್ಲಿ ಸಿಪ್ಪೆನ ಆಗ್ಳೇ ದನಕ್ಕೆ ಹಾಕಿ ಅಂಗಳಕ್ಕೆ ಸೆಗಣಿ ಸಾರ್ಸ್ತಿದ್ವಿ. ಇಲ್ಲಿ ಕಣ್ಣಿಗೆ ಕಾಣದ ಜಾಗನೇ ಜಾಸ್ತಿ" ಎಂದರು. ಶೆಟ್ರಿಗೆ ಮೇಲಿನಿಂದ ಉಪ್ಪಿನಕಾಯಿ ಬಂತು ಎಂದು ಆಮೇಲೆ ಕೇಳಿದೆ.

ಜುಲೈಯಲ್ಲಿ ಒಂದು ದಿನ ಜೋರು ಮಳೆಗೆ ಹತ್ತಿರದ ಕಿಂಗ್ಸ್ ಸರ್ಕಲ್ ಎಂದಿನಂತೆ ನೀರು ತುಂಬಿತು. ಓಣಿಯ ಚೇಂಬರ್ ಉಕ್ಕಿ ಕೊಳಚೆ ಹಿಂದಕ್ಕೆ ಬಂತು. ಆ ವಾರ ದೊಡ್ಡ ನೊಣ ಮತ್ತೆ ಸ್ವಲ್ಪ ಹೆಚ್ಚಿದವು. ನೀರು ಇಳಿದ ದಿನವೇ ಓಣಿ ಕೆರೆದು ತೊಳೆದದ್ದರಿಂದ ಅದು ಒಂದು ವಾರಕ್ಕೆ ನಿಂತಿತು.

ಬೈಂದೂರಿನ ಹುಡುಗನಿಗೆ ನನ್ನ ಹಳೆಯ ಭೂತಗನ್ನಡಿ ಕೊಟ್ಟಿದ್ದೆ. ಪ್ರತಿ ಶನಿವಾರ ಅಂಟು ಹಾಳೆ ನೋಡಿ, ತಾರೀಕು ಹಾಕಿ, ಯಾವ ಜಾತಿ ಎಷ್ಟು ಎಂದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತಾನೆ. ದೀಪಾವಳಿ ಹತ್ತಿರ ಅವನದೇ ಫೋನ್ ಬಂತು. "ಅಣ್ಣ, ಇವತ್ತು ಹೊಸತು ಸಿಕ್ಕಿತ್ತ್. ಹಸಿರು, ಹೊಳಿತಿತ್ತ್. ಒಂದಲ್ಲ, ನಿನ್ನೆಯಿಂದ ಎಂಟು. ಎಲ್ಲ ಸಾಮಾನಿನ ಕೋಣೆಲೇ." ಫೋಟೋ ಕಳಿಸಿದ. ಹಸಿರು ನೊಣ ಸತ್ತ ಪ್ರಾಣಿಯ ಮೇಲೆ ಮೊಟ್ಟೆ ಇಡುತ್ತದೆ. ಸಸ್ಯಾಹಾರಿ ಹೋಟೆಲಿನ ಮುಚ್ಚಿದ ಕೋಣೆಯಲ್ಲಿ ಅದು ಇದ್ದಕ್ಕಿದ್ದಂತೆ ಕಂಡರೆ ನೋಡಬೇಕಾದದ್ದು ಒಂದೇ ಎಂದು ಹೇಳಲು ಹೊರಟೆ.

"ಇಲಿ ಅಲ್ದಾ?" ಎಂದ ಅವನೇ. "ಮಾಳಿಗೆ ಹಲಗೆ ತೆಗಿಸ್ತಾ ಇದ್ವಿ, ಅದ್ಕೇ ಕೇಂಡದ್ದು."

ಹತ್ತು ನಿಮಿಷಕ್ಕೆ ಎರಡನೇ ಫೋಟೋ ಬಂತು. ಅಕ್ಕಿ ಮೂಟೆಗಳ ಮೇಲಿನ ಹಲಗೆಯ ಮೂಲೆಯಲ್ಲಿ, ಹಳೆಯ ರಟ್ಟಿನ ಡಬ್ಬಿಯೊಳಗೆ, ಇಲಿ ಸತ್ತು ಬಿದ್ದಿತ್ತು.